ಗುಂಡಿಗೆ ತೊಡಿಸಿದ ಬಟ್ಟೆ

ಕೋವಿಯ ಚರಿತ್ರೆಯನ್ನು ಬರೆದವರು ನಳಿಗೆಯ ಉದ್ದವನ್ನು ಅಳೆದಿದ್ದಾರೆ, ಮದ್ದಿನ ಪಾಕವನ್ನು ವಿವರಿಸಿದ್ದಾರೆ, ಚಕಮಕಿಯಿಂದ ಕೇಪಿಗೆ, ಕೇಪಿನಿಂದ ತೋಟೆಗೆ ಸಾಗಿ ಬಂದ ದಾರಿಯನ್ನು ಹಂತಹಂತವಾಗಿ ಗುರುತಿಸಿದ್ದಾರೆ. ಆದರೆ ಗುಂಡಿಗೂ ನಳಿಗೆಗೂ ನಡುವೆ ಇದ್ದ, ಬೆರಳತುದಿಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಬಟ್ಟೆಯ ಬಿಲ್ಲೆಯ ಕಡೆಗೆ ಸಾಮಾನ್ಯ ಇತಿಹಾಸ ಗ್ರಂಥಗಳು ಕಣ್ಣುಹಾಯಿಸುವುದು ಅಪರೂಪ. ಸುಮಾರು ನೂರೈವತ್ತು ವರ್ಷಗಳ ಕಾಲ ಗುರಿಯ ನಿಖರತೆಯೆಲ್ಲ ಈ ಬಿಲ್ಲೆಯನ್ನೇ ನೆಚ್ಚಿಕೊಂಡಿತ್ತು. ಅದಕ್ಕೆ ಸವರುತ್ತಿದ್ದ ಜಿಡ್ಡಿನ ಕಥೆಯಾದರೋ ನಮ್ಮ ದೇಶದ ಚರಿತ್ರೆಯೊಳಕ್ಕೂ ಹರಿದು ಬಂದಿದೆ. ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿರುವುದು ಆ ಬಟ್ಟೆಯ ಮತ್ತು ಜಿಡ್ಡಿನ ವೃತ್ತಾಂತವನ್ನು.

ಮಲೆನಾಡಿನ ಕೇಳುಗರಿಗೆ ಕೇಪಿನ ಕೋವಿಯ ಪರಿಚಯವಿರುತ್ತದೆ. ಅದರ ಬಾಯಿಯಿಂದಲೇ ಮದ್ದು ಸುರಿದು, ನಾರನ್ನೋ ಚಿಂದಿಬಟ್ಟೆಯನ್ನೋ ತುರುಕಿ, ಚರೆ ಹಾಕಿ, ಮೇಲೆ ಮತ್ತಷ್ಟು ತುರುಕಿ ಗಜದಿಂದ ಜಡಿಯುತ್ತಾರೆ. ಅಲ್ಲಿ ಬಟ್ಟೆಯ ಕೆಲಸ ಬಿರಟೆಯ ಕೆಲಸ. ಮದ್ದು ಚರೆಗಳು ಹೊರಬೀಳದಂತೆ ತಡೆದರೆ ಆಯಿತು. ನಾನು ಹೇಳಹೊರಟಿರುವ ಬಟ್ಟೆ ಬೇರೆಯ ಜಾತಿಯದು. ಅದು ಗುಂಡಿನ ಮೇಲೆ ಅಥವಾ ಕೆಳಗೆ ಕೂರುವುದಿಲ್ಲ, ಗುಂಡನ್ನು ಸುತ್ತುವರಿಯುತ್ತದೆ. ಅದು ಬೇಕಾದದ್ದು ನಳಿಗೆಯ ಒಳಮೈ ನುಣುಪಾಗಿರದೆ, ಉದ್ದಕ್ಕೂ ಸುರುಳಿಯಾಗಿ ಗೆರೆಗಳನ್ನು ತೋಡಿದ ರೈಫಲ್ ಎಂಬ ಕೋವಿಗೆ.

ಸುರುಳಿಗೆರೆಗಳ ಉದ್ದೇಶ ಗುಂಡನ್ನು ತಿರುಗಿಸುವುದು. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವ ಹಾಗೆ, ತನ್ನ ಅಕ್ಷದ ಮೇಲೆ ತಿರುಗುತ್ತ ಹೋಗುವ ಗುಂಡು ಹಾದಿ ತಪ್ಪುವುದು ಕಡಿಮೆ. ಆದರೆ ತಿರುಗಬೇಕಾದರೆ ಗುಂಡು ಗೆರೆಗಳನ್ನು ಕಚ್ಚಿ ಹಿಡಿಯಬೇಕು. ಕಚ್ಚಿ ಹಿಡಿಯುವಷ್ಟು ದಪ್ಪನಾದ ಗುಂಡು ಬಾಯಿಯಿಂದ ಒಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಜರ್ಮನ್ ನಾಡುಗಳ ಬೇಟೆಗಾರರು ಬಹುಕಾಲ ಇದಕ್ಕೆ ಕಂಡುಕೊಂಡ ಉಪಾಯ ಸುತ್ತಿಗೆ. ಸೀಸದ ಗುಂಡನ್ನು ಕಬ್ಬಿಣದ ಗಜವಿಟ್ಟು ಬಡಿದು ಬಡಿದು ಇಳಿಸುತ್ತಿದ್ದರು. ಗುಂಡು ಅಂದಗೆಡುತ್ತಿತ್ತು, ಕಾಲ ವ್ಯಯವಾಗುತ್ತಿತ್ತು, ಆ ಸದ್ದಿಗೆ ಮಿಗ ಓಡಿಹೋಗದೆ ನಿಂತಿರುತ್ತಿತ್ತೇ ಎಂಬುದೂ ಕೇಳತಕ್ಕ ಪ್ರಶ್ನೆಯೇ.

ಇದಕ್ಕೆ ಪರಿಹಾರವಾಗಿ ಬಂದ ಬಟ್ಟೆಯ ಉಪಾಯವನ್ನು ಶಾಸ್ತ್ರೀಯವಾಗಿ ವರ್ಣಿಸಿದವರಲ್ಲಿ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ಮುಖ್ಯನು. 1747ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಿದ ಪ್ರಬಂಧದಲ್ಲಿ ಆತ, ಜರ್ಮನಿ ಸ್ವಿಟ್ಜರ್ಲೆಂಡುಗಳ ಕೆಲವೆಡೆ ತೆಳುವಾದ ತೊಗಲನ್ನೋ ಫಸ್ಟಿಯನ್ ಎಂಬ ಬಟ್ಟೆಯನ್ನೋ ನಳಿಗೆಯ ಬಾಯಿಗಿಂತ ತುಸು ಅಗಲವಾಗಿ ದುಂಡಗೆ ಕತ್ತರಿಸಿ, ಒಂದು ಮಗ್ಗುಲಿಗೆ ಜಿಡ್ಡು ಸವರಿ, ಜಿಡ್ಡಿನ ಮಗ್ಗುಲು ಕೆಳಗಾಗುವಂತೆ ಬಾಯಿಯ ಮೇಲಿಟ್ಟು, ಅದರ ಮೇಲೆ ಗುಂಡನ್ನಿಟ್ಟು ಒಟ್ಟಿಗೆ ಒಳಕ್ಕೆ ತಳ್ಳುತ್ತಾರೆಂದು ಬರೆದನು. ಯಾವ ರಾಷ್ಟ್ರ ಈ ಬಗೆಯ ಕೋವಿಯ ಮರ್ಮವನ್ನರಿತು ತನ್ನ ಸೈನ್ಯಕ್ಕೆ ಅಳವಡಿಸುವುದೋ ಅದು ಉಳಿದವರನ್ನು ಮೀರಿಸುವುದೆಂದೂ ಮುನ್ನುಡಿದನು. ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಪ್ರಧಾನ ಇಂಜಿನಿಯರಾಗಿ ನಮ್ಮ ನೆರೆಯ ತಮಿಳುನಾಡಿಗೆ ಬಂದು, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ 1751ರಲ್ಲಿ ತೀರಿಕೊಂಡನು. ಜಿಡ್ಡಿನ ಬಟ್ಟೆಯನ್ನು ವಿದ್ವತ್ಸಭೆಗೆ ಪರಿಚಯಿಸಿದವನ ದೇಹ ದಕ್ಷಿಣ ಭಾರತದ ಮಣ್ಣಿನಲ್ಲಿ ಸೇರಿತು.

ಇನ್ನು ಬಿಲ್ಲೆಯನ್ನು ಸಿದ್ಧಪಡಿಸುವ ವಿಧಾನ. ಜರ್ಮನಿಯಿಂದ ವಲಸೆಹೋದ ಕಮ್ಮಾರರು ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಉದ್ದ ನಳಿಗೆಯ ರೈಫಲುಗಳನ್ನು ರೂಪಿಸಿದರು. ಆ ಕಾಡಿನಂಚಿನ ಬೇಟೆಗಾರರ ಕೈಯಲ್ಲಿ ಈ ಕಲೆ ಪರಿಪೂರ್ಣವಾಯಿತು. ಮೊದಲನೆಯದು ಬಟ್ಟೆಯ ಆಯ್ಕೆ. ನೇಯ್ಗೆ ಬಿಗಿಯಾಗಿರಬೇಕು, ಹಾಸು ಹೊಕ್ಕುಗಳ ನಡುವೆ ಕಿಂಡಿಯಿದ್ದರೆ ಬೆಂಕಿ ನುಗ್ಗುತ್ತದೆ. ಅಗಸೆನಾರಿನ ಲಿನನ್, ಗಟ್ಟಿ ಹತ್ತಿಬಟ್ಟೆ, ಹಾಸಿಗೆ ದಿಂಬುಗಳ ಗವಸಿಗೆ ಬಳಸುವ ಪಟ್ಟೆಪಟ್ಟೆಯ ಬಟ್ಟೆ ಇವು ಒಪ್ಪುತ್ತಿದ್ದವು. ದಿಂಬಿನೊಳಗಿನ ಗರಿಯ ಮೊನೆ ಹೊರಕ್ಕೆ ಚುಚ್ಚಬಾರದೆಂದು ಅಷ್ಟು ಒತ್ತಾಗಿ ನೇಯ್ದ ಬಟ್ಟೆ ಮದ್ದಿನ ಜ್ವಾಲೆಯನ್ನೂ ತಡೆಯಿತು. ಹೊಸ ಬಟ್ಟೆಯಾದರೆ ಒಗೆದು ಗಂಜಿ ಕಳೆಯಬೇಕು. ಗಂಜಿ ಇರುವವರೆಗೆ ಬಟ್ಟೆ ಜಿಡ್ಡನ್ನು ಹೀರುವುದಿಲ್ಲ, ಗುಂಡಿಗೆ ಹೊಂದಿಕೊಂಡು ಬಾಗುವುದೂ ಇಲ್ಲ.

ದಪ್ಪದ ಲೆಕ್ಕ ಸೂಕ್ಷ್ಮವಾದದ್ದು. ನಳಿಗೆಯ ವ್ಯಾಸ 0.50 ಅಂಗುಲವೆಂದಿಟ್ಟುಕೊಳ್ಳೋಣ. ಅದಕ್ಕೆ ಎರಕ ಹೊಯ್ಯುವ ಗುಂಡು 0.49 ಅಂಗುಲ. ಬಟ್ಟೆಯ ದಪ್ಪ 0.015 ಅಂಗುಲವಾದರೆ, ಎರಡು ಬದಿಗೂ ಸೇರಿ 0.03. ಕೂಡಿದರೆ 0.52 ಆಯಿತು, ನಳಿಗೆಗಿಂತ ಹೆಚ್ಚು. ಈ ಹೆಚ್ಚುವರಿ ಬಟ್ಟೆಯೇ ಅದುಮಿಕೊಂಡು ಗೆರೆಗಳ ತೋಡಿನೊಳಕ್ಕೆ ಇಳಿಯುವುದು. ಗುಂಡು ಗೆರೆಯನ್ನು ಮುಟ್ಟುವುದೇ ಇಲ್ಲ. ಬಟ್ಟೆ ಗೆರೆಯನ್ನು ಹಿಡಿಯುತ್ತದೆ, ಗುಂಡು ಬಟ್ಟೆಯನ್ನು ಹಿಡಿಯುತ್ತದೆ. ನಳಿಗೆಯ ಬಾಯಿ ದಾಟಿ ಕೆಲವೇ ಗಜ ಹೋಗುವಷ್ಟರಲ್ಲಿ ಬಿಲ್ಲೆ ಗಾಳಿಗೆ ಸಿಕ್ಕಿ ಕಳಚಿ ಬೀಳುತ್ತದೆ, ಗುಂಡು ತಿರುಗುತ್ತ ಮುಂದೆ ಸಾಗುತ್ತದೆ. ಕೆಲವರು ಬಿಲ್ಲೆಗಳನ್ನು ಮೊದಲೇ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಕೆಲವರು ಬಟ್ಟೆಯ ಪಟ್ಟಿಯನ್ನೇ ಬಾಯಿಯ ಮೇಲೆ ಹಾಸಿ, ಗುಂಡನ್ನು ಒತ್ತಿ, ಮೇಲುಳಿದ ಬಟ್ಟೆಯನ್ನು ಹರಿತವಾದ ಸಣ್ಣ ಚಾಕುವಿನಿಂದ ಅಲ್ಲೇ ಕೊಯ್ಯುತ್ತಿದ್ದರು. ಹಾಗೆ ಕೊಯ್ದ ಬಿಲ್ಲೆ ಗುಂಡಿಗೆ ಸರಿಯಾಗಿ ನಡುವೆಯೇ ಕೂರುತ್ತದೆ. ಕೋವಿಯ ಹಿಂಬದಿಯ ಮರದಲ್ಲಿ ಕೊರೆದು, ಹಿತ್ತಾಳೆಯ ಮುಚ್ಚಳ ಹಾಕಿದ ಪುಟ್ಟ ಪೆಟ್ಟಿಗೆ ಈ ಬಟ್ಟೆ ಮತ್ತು ಜಿಡ್ಡಿಗೆಂದೇ ಇರುತ್ತಿತ್ತು. ಆ ಮುಚ್ಚಳದ ಮೇಲಿನ ಕೆತ್ತನೆಯನ್ನು ಕಂಡು ಮೆಚ್ಚುವವರು ಒಳಗೆ ಏನಿತ್ತೆಂದು ಕೇಳುವುದಿಲ್ಲ.

ಜಿಡ್ಡು ಏತಕ್ಕೆ? ಪೆಟ್ಟುಪ್ಪು ನೂರಕ್ಕೆ 75, ಇದ್ದಿಲು 15, ಗಂಧಕ 10 ಎಂಬ ಪಾಕದ ಕಪ್ಪುಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನಪದಾರ್ಥವಾಗಿಯೇ ಉಳಿಯುತ್ತದೆ. ಸ್ವಲ್ಪ ಹೊಗೆಯಾಗಿ ಹಾರಿದರೆ ಸ್ವಲ್ಪ ಕಿಟ್ಟವಾಗಿ ನಳಿಗೆಗೆ ಅಂಟುತ್ತದೆ. ಒಣ ಹವೆಯಲ್ಲಿ ಈ ಕಿಟ್ಟ ಗಟ್ಟಿಯಾಗಿ, ನಾಲ್ಕಾರು ಈಡಿನ ನಂತರ ಗುಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಗುಂಡು ಮದ್ದಿನ ಮೇಲೆ ಕೂರದೆ ನಡುವೆ ನಿಂತರೆ ನಳಿಗೆ ಉಬ್ಬಿ ಸೀಳುವ ಅಪಾಯವುಂಟು. ಹೊಡೆಯುವವನ ಕೈ ಕಣ್ಣುಗಳ ಪ್ರಶ್ನೆ ಅದು. ಬಿಲ್ಲೆಗೆ ಸವರಿದ ಜಿಡ್ಡು ಕಿಟ್ಟವನ್ನು ಮೆತ್ತಗಿರಿಸುತ್ತದೆ, ಮುಂದಿನ ಬಿಲ್ಲೆ ಇಳಿಯುವಾಗ ಒರೆಸಿಕೊಂಡೂ ಹೋಗುತ್ತದೆ.

ಯಾವ ಜಿಡ್ಡು ಎಂಬುದು ಕೈಗೆ ಸಿಕ್ಕಿದ್ದನ್ನು ಅವಲಂಬಿಸಿತ್ತು. ಅಮೆರಿಕದ ಕಾಡಿನಲ್ಲಿ ಕರಡಿಯ ಕೊಬ್ಬು, ಜಿಂಕೆಯ ಕೊಬ್ಬು. ಪೇಟೆಯಲ್ಲಿ ತಿಮಿಂಗಿಲದ ಎಣ್ಣೆ. ಯುರೋಪಿನಲ್ಲಿ ದನ ಕುರಿಗಳ ಕೊಬ್ಬು. ಬರಿಯ ಕೊಬ್ಬು ಬಿಸಿಲಿಗೆ ಕರಗಿ ಹರಿಯುತ್ತದೆ, ಬರಿಯ ಜೇನುಮೇಣ ಚಳಿಗೆ ಬಿರುಸಾಗುತ್ತದೆ. ಆದ್ದರಿಂದ ಎರಡನ್ನೂ ಕರಗಿಸಿ ಕೂಡಿಸಿ, ಬೇಸಗೆಗೆ ಮೇಣ ಹೆಚ್ಚಾಗಿ, ಚಳಿಗಾಲಕ್ಕೆ ಕೊಬ್ಬು ಹೆಚ್ಚಾಗಿ ಹದ ಮಾಡುವುದು ಬಲ್ಲವರ ಪದ್ಧತಿ. ಏನೂ ಇಲ್ಲದಾಗ ಎಂಜಲೇ ಗತಿ. ಬಿಲ್ಲೆಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ತಕ್ಷಣ ಹೊಡೆಯುವುದಾದರೆ ಅದಕ್ಕಿಂತ ಉತ್ತಮವಾದದ್ದಿಲ್ಲ, ಏಕೆಂದರೆ ನೀರಿಗೆ ಕಿಟ್ಟ ಕರಗುತ್ತದೆ. ಆದರೆ ಈಡು ತುಂಬಿ ದಿನವೆಲ್ಲ ಕಾಡು ಸುತ್ತುವ ಬೇಟೆಗಾರನಿಗೆ ಎಂಜಲು ಸಲ್ಲದು. ತೇವ ಮದ್ದಿಗೆ ಇಳಿಯುತ್ತದೆ, ನಳಿಗೆಗೆ ತುಕ್ಕು ಹಿಡಿಯುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಹೊಡೆದ ಮೇಲೆ ಮುಂದೆ ಬಿದ್ದ ಬಿಲ್ಲೆಯನ್ನು ಹೆಕ್ಕಿ ತಂದು ಓದುವುದು. ಓದುವುದು ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ನಡುವೆ ಗುಂಡು ಕೂತ ಮಸಿಯ ಗುರುತು, ಸುತ್ತ ಗೆರೆಗಳ ಅಚ್ಚು, ಅಂಚು ಮಾತ್ರ ತುಸು ಕೆದರಿದ್ದರೆ ಎಲ್ಲವೂ ಕ್ಷೇಮ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಸಾಲದು. ಗೆರೆಗಳುದ್ದಕ್ಕೂ ಕೊಯ್ದಂತೆ ಹರಿದಿದ್ದರೆ ನಳಿಗೆಯ ಅಂಚು ಹರಿತ. ಹಳೆಯ ಕೋವಿಗಳನ್ನು ಹವ್ಯಾಸಕ್ಕಾಗಿ ಹೊಡೆಯುವ ಪಾಶ್ಚಾತ್ಯರು ಈ ಪರೀಕ್ಷೆಯನ್ನು ಇಂದಿಗೂ ಬಿಟ್ಟಿಲ್ಲ. ಹಸ್ತಪ್ರತಿಯ ಸುಟ್ಟ ಅಂಚನ್ನು ನೋಡಿ ಅದರ ಚರಿತ್ರೆ ಹೇಳುವ ನಮ್ಮಂಥವರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ.

ಯುದ್ಧದಲ್ಲಿ ಈ ಬಟ್ಟೆ ವರವೂ ಆಯಿತು, ತೊಡಕೂ ಆಯಿತು. 1775ರಲ್ಲಿ ಅಮೆರಿಕದ ಕಾಂಗ್ರೆಸ್ಸು ರೈಫಲುಗಾರರ ದಳಗಳನ್ನು ಕಟ್ಟಲು ತೀರ್ಮಾನಿಸಿತು. 1777ರಲ್ಲಿ ಸಾರಟೋಗದಲ್ಲಿ ಡೇನಿಯಲ್ ಮಾರ್ಗನ್ನನ ಜನ ಕೀರ್ತಿ ಗಳಿಸಿದರು. ಆದರೆ ನುಣುಪು ನಳಿಗೆಯ ಮಸ್ಕೆಟ್ ಹಿಡಿದ ಸಿಪಾಯಿ ನಿಮಿಷಕ್ಕೆ ಮೂರು ಈಡು ಹೊಡೆಯುವಾಗ, ಬಟ್ಟೆ ಸುತ್ತುವ ರೈಫಲುಗಾರನಿಗೆ ಎರಡು ಈಡೂ ದುಸ್ತರ. ಬ್ರಿಟಿಷರು 1800ರಲ್ಲಿ ಎಜೀಕಿಯಲ್ ಬೇಕರನ ರೈಫಲನ್ನು ಅಂಗೀಕರಿಸಿದಾಗ ಗುಂಡು ಬಡಿಯಲು ಮರದ ಕೊಡತಿಗಳನ್ನೂ ಕೊಟ್ಟಿದ್ದರು. ಬಲುಬೇಗ ಅವನ್ನು ಹಿಂದಕ್ಕೆ ತೆಗೆದುಕೊಂಡರು. ಜಿಡ್ಡಿನ ಬಟ್ಟೆಯೇ ಸಾಕಾಯಿತು. 1837ರ ಸುಮಾರಿಗೆ ಬಂದ ಬ್ರನ್ಸ್‌ವಿಕ್ ರೈಫಲಿಗೆ ಎರಡೇ ಗೆರೆ, ಗುಂಡಿಗೆ ಒಡ್ಯಾಣದಂಥ ಪಟ್ಟಿ. ಅದಕ್ಕೂ ಬಟ್ಟೆ ತಪ್ಪಲಿಲ್ಲ. ಭಾರತದ ಕೆಲವು ಸಿಪಾಯಿ ದಳಗಳು ಎರಡು ಗೆರೆಯ ಈ ರೈಫಲನ್ನು ಹಿಡಿದಿದ್ದವು.

1849ರಲ್ಲಿ ಫ್ರಾನ್ಸಿನ ಮಿನಿಯೇ ಎಂಬ ಸೇನಾಧಿಕಾರಿ ಬುಡ ಟೊಳ್ಳಾದ ಉದ್ದನೆಯ ಗುಂಡನ್ನು ಪ್ರಚಾರಕ್ಕೆ ತಂದನು. ಸಡಿಲವಾಗಿ ಇಳಿದ ಗುಂಡು ಮದ್ದಿನ ಒತ್ತಡಕ್ಕೆ ಬುಡ ಅಗಲಿಸಿ ಗೆರೆಯನ್ನು ತಾನೇ ಹಿಡಿಯುತ್ತಿತ್ತು. ಬಟ್ಟೆಯ ಯುಗ ಅಲ್ಲಿಗೆ ಮುಗಿಯಿತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನಲ್ಲಿ ಆ ಹಿತ್ತಾಳೆಯ ಮುಚ್ಚಳದ ಪೆಟ್ಟಿಗೆಯೂ ಇಲ್ಲ. ಬಟ್ಟೆ ಹೋಯಿತು, ಆದರೆ ಜಿಡ್ಡು ಹೋಗಲಿಲ್ಲ. ತೋಟೆಯ ಕಾಗದವೇ ಬಟ್ಟೆಯ ಸ್ಥಾನಕ್ಕೆ ಬಂದಿತು: ಒಂದು ತುದಿಯನ್ನು ಹಲ್ಲಿನಿಂದ ಹರಿದು ಮದ್ದು ಸುರಿದು, ತೋಟೆಯನ್ನು ತಿರುಗಿಸಿ, ಜಿಡ್ಡು ಸವರಿದ ಕಾಗದದೊಡನೆಯೇ ಗುಂಡನ್ನು ಒಳಕ್ಕೆ ತಳ್ಳುವುದು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನನ್ನ ಅಭಿಪ್ರಾಯದಲ್ಲಿ ಅದೇ ಮುಖ್ಯ. ಬಿಲ್ಲೆಯ ಕಾಲದಲ್ಲಿ ಜಿಡ್ಡು ಹೊಡೆಯುವವನ ಕಣ್ಣೆದುರಿನ ವಸ್ತು. ಕರಡಿಯದೋ ಕುರಿಯದೋ ಅವನು ಬಲ್ಲ, ಬೇಡವಾದರೆ ಬದಲಿಸಬಲ್ಲ. ತೋಟೆ ಕಾರ್ಖಾನೆಯಿಂದ ಸಿದ್ಧವಾಗಿ ಬರತೊಡಗಿದಾಗ ಜಿಡ್ಡು ಅಜ್ಞಾತವಾಯಿತು. ಅಜ್ಞಾತವಾದದ್ದನ್ನು ಬಾಯಿಗೆ ತರಬೇಕಾಯಿತು. ಹಲ್ಲಿಗೆ ಸಿಗುತ್ತಿದ್ದುದು ಮದ್ದಿನ ತುದಿ, ಜಿಡ್ಡಿದ್ದುದು ಗುಂಡಿನ ತುದಿ ಎಂದು ವಾದಿಸಬಹುದು. ಬಂಗಾಳದ ಬಿಸಿಲಿಗೆ ಕೊಬ್ಬು ಆ ವಾದವನ್ನು ಕೇಳಿಕೊಂಡು ಕೂರುವುದಿಲ್ಲ. 1853ರಲ್ಲೇ ಬಂಗಾಳ ಸೈನ್ಯದ ಕರ್ನಲ್ ಟಕರ್ ಎಂಬ ಅಧಿಕಾರಿ, ಜಿಡ್ಡು ಜಾತಿನಿಷ್ಠೆಗೆ ಭಂಗ ತರುವಂಥದಲ್ಲವೆಂದು ಖಚಿತವಾಗುವ ತನಕ ಆ ತೋಟೆಗಳನ್ನು ದೇಶೀಯ ದಳಗಳಿಗೆ ಕೊಡಬಾರದೆಂದು ಎಚ್ಚರಿಸಿದ್ದನು. ಆ ಕಾಗದ ಕಡತ ಸೇರಿತು. 1857ರ ಜನವರಿಯಲ್ಲಿ ಡಂಡಂನಲ್ಲಿ ಹಸುವಿನ ಮತ್ತು ಹಂದಿಯ ಕೊಬ್ಬಿನ ಸುದ್ದಿ ಹಬ್ಬಿದಾಗ ವಿಚಾರಿಸಿದರೆ, ಕೊಬ್ಬು ಯಾವ ಪ್ರಾಣಿಯದೆಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲವೆಂದು ತಿಳಿದುಬಂದಿತು.

ಅದೇ ತಿಂಗಳು 27ರಂದು ಸರ್ಕಾರ ಹೊರಡಿಸಿದ ಆದೇಶವೇನು? ತೋಟೆಗಳನ್ನು ಜಿಡ್ಡಿಲ್ಲದೆ ಕೊಡತಕ್ಕದ್ದು, ಸಿಪಾಯಿಗಳು ತಮಗೆ ಒಪ್ಪಿತವಾದದ್ದನ್ನು ಬಜಾರಿನಿಂದ ತಂದು ತಾವೇ ಸವರಿಕೊಳ್ಳತಕ್ಕದ್ದು. ಅಂದರೆ ಬಿಲ್ಲೆಯ ಕಾಲದ ಪದ್ಧತಿಗೆ ಮರಳಿದಂತಾಯಿತು. ಹೊತ್ತು ಮೀರಿತ್ತು. ತಪ್ಪಿಲ್ಲದಿದ್ದರೆ ಬದಲಾವಣೆ ಏಕೆ ಎಂಬ ಶಂಕೆಗೆ ಆದೇಶವೇ ಆಹಾರವಾಯಿತು. ಜಿಡ್ಡಿನಿಂದ ಶಂಕೆ ಕಾಗದಕ್ಕೆ ದಾಟಿತು, ಅದರ ಹೊಳಪೇ ಅನುಮಾನಕ್ಕೆ ಕಾರಣವಾಯಿತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರ ಪೈಕಿ 85 ಮಂದಿ ಮುಟ್ಟಲೊಲ್ಲದೆ ಹೋದದ್ದು ಜಿಡ್ಡಿಲ್ಲದ ಹಳೆಯ ತೋಟೆಗಳನ್ನು. ಹಲ್ಲಿನ ಬದಲು ಕೈಯಿಂದ ಹರಿಯಬಹುದೆಂದು ಹೇಳಿದರೂ ಒಪ್ಪಲಿಲ್ಲ. ಮೇ 9ರಂದು ಅವರಿಗೆ ಸಂಕೋಲೆ ಬಿತ್ತು, ಮರುದಿನ ಮೀರತ್ ಎದ್ದಿತು. ಅವಧದ ಸ್ವಾಧೀನ, ಭತ್ಯೆಯ ಕಡಿತ, ಮತಾಂತರದ ಭೀತಿ ಮೊದಲಾದ ಕಾರಣಗಳನ್ನು ಬಿಟ್ಟು ಎಲ್ಲವನ್ನೂ ಕೊಬ್ಬಿನ ತಲೆಗೆ ಕಟ್ಟುವವನು ಇತಿಹಾಸಕಾರನಲ್ಲ. ಅದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವವನಾದರೂ ಸಿಪಾಯಿಯ ಬಾಯನ್ನು ಮರೆತು ಬರೆದವನು.

ದಂಗೆಯ ಫಲವಾಗಿ 1857ರಲ್ಲೇ ನಿಶ್ಶಸ್ತ್ರೀಕರಣದ ಕಾಯಿದೆ ಬಂದಿತು. ಆಯುಧಗಳಿಗೆ ಸರ್ಕಾರದ ಅಪ್ಪಣೆ ಬೇಕಾಯಿತು. ಕೊಡಗಿನವರಿಗೆ 1861ರಲ್ಲಿ, ಮಾರ್ಕ್ ಕಬ್ಬನ್ನನ ಕಾಲದಲ್ಲಿ, ಅದರಿಂದ ವಿನಾಯಿತಿ ದೊರೆಯಿತು. ಅವರ ತೋಕು, ಅಂದರೆ ಕೋವಿ, ಅವರಲ್ಲೇ ಉಳಿಯಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆ ಭಾಗ್ಯ ಒದಗಲಿಲ್ಲ. ಬೇಟೆಯಿಂದ ಬದುಕುವವರು ಕೋವಿ ಒಪ್ಪಿಸುವುದೆಂದರೆ ಅನ್ನ ಒಪ್ಪಿಸಿದಂತೆ. ಜಡಗ, ಬಾಲ ಮೊದಲಾದವರ ಮುಂದಾಳುತನದಲ್ಲಿ ಅವರು ಎದುರುಬಿದ್ದರು. 1857ರ ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಊರನ್ನು ಮುತ್ತಿ ಬೆಂಕಿಯಿಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಆ ದಾರುಣ ವೃತ್ತಾಂತವನ್ನು ನಮ್ಮ ಲಾವಣಿಕಾರರು ಹಾಡಿದರು. ಅದನ್ನು ಕೇಳಿ ಬರೆದುಕೊಂಡು ಅಚ್ಚುಹಾಕಿಸಿದವನು ಬ್ರಿಟಿಷ್ ಸರ್ಕಾರದ ಸೇವೆಯಲ್ಲಿದ್ದ ಶಾಸನತಜ್ಞ ಜೆ. ಎಫ್. ಫ್ಲೀಟ್.