ಹಳೇ ಬೆಂಜಾ, ಹೊಸ ಸಣ್ಣ ಕಾರಾ? ಒಂದು ಪ್ರಶ್ನೆಯ ನಲವತ್ತು ವರ್ಷ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯ ವಿಷಯವನ್ನ ಕೇಳುಗರೇ ಕೊಟ್ಟಿದ್ದಾರೆ. ನಮ್ಮ ಇನ್‌ಬಾಕ್ಸ್‌ಗೆ ಪದೇ ಪದೇ ಬರೋ ಪ್ರಶ್ನೆ ಇದು: "ಕೈಯಲ್ಲಿ ಎಂಟು ಲಕ್ಷ ಇದೆ. ಆ ದುಡ್ಡಿಗೆ ಶೋರೂಮಿಂದ ಹೊಸ ಸಣ್ಣ ಕಾರೂ ಬರುತ್ತೆ, ಹತ್ತು ವರ್ಷ ಓಡಿರೋ ಜರ್ಮನ್ ಸೆಡಾನೂ ಬರುತ್ತೆ. ಯಾವುದು ತಗೊಳ್ಳಲಿ?"

ನಾನು ಇತಿಹಾಸ ಹೇಳೋನು, ಮೆಕ್ಯಾನಿಕ್ ಅಲ್ಲ. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸ ಇದೆ. ನಲವತ್ತು ವರ್ಷಗಳಲ್ಲಿ ಇದರ ಉತ್ತರ ಕಡಿಮೆ ಅಂದ್ರೂ ಮೂರು ಸಲ ಬದಲಾಗಿದೆ. ಯಾಕೆ ಬದಲಾಯ್ತು ಅನ್ನೋದು ಗೊತ್ತಾದ್ರೆ ನಿಮ್ಮ ಎಂಟು ಲಕ್ಷದ ಲೆಕ್ಕ ಹಾಕೋದು ಸುಲಭ.

ಹಳೇದಕ್ಕೇ ಬೆಲೆ ಜಾಸ್ತಿ ಇದ್ದ ಕಾಲ

ಮೊದಲು ಲೈಸೆನ್ಸ್ ರಾಜ್ ಕಾಲಕ್ಕೆ ಹೋಗೋಣ. ಆಗ ದೇಶದಲ್ಲಿ ಕಾರು ಅಂದ್ರೆ ಮುಖ್ಯವಾಗಿ ಎರಡೇ. ಒಂದು ಬಂಗಾಳದ ಉತ್ತರಪಾರಾದಲ್ಲಿ ತಯಾರಾಗ್ತಿದ್ದ ಅಂಬಾಸಿಡರ್, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ಇನ್ನೊಂದು ಮುಂಬೈನ ಪ್ರೀಮಿಯರ್ ಕಂಪನಿಯ ಫಿಯೆಟ್. ಮುಂದೆ ಅದಕ್ಕೇ ಪದ್ಮಿನಿ ಅಂತ ಹೆಸರಾಯ್ತು.

ಈ ಪ್ರೀಮಿಯರ್ ಕಂಪನಿಯ ಕಥೆಯಲ್ಲಿ ನಮ್ಮೂರಿನ ಒಂದು ಎಳೆ ಇದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ಕಾರ್ಖಾನೆ ಆಗಬೇಕು ಅಂತ ಯೋಜನೆ ಹಾಕಿ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜತೆ ಸೇರಿ ಓಡಾಡಿದ್ದರು. ಬೆಂಗಳೂರಿನಲ್ಲಿ ಕಾರ್ಖಾನೆ ಮಾಡೋ ಮಾತೂ ಇತ್ತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕೊನೆಗೆ ವಾಲ್‌ಚಂದ್ 1944ರಲ್ಲಿ ಮುಂಬೈನಲ್ಲಿ ಪ್ರೀಮಿಯರ್ ಶುರುಮಾಡಿದರು.

ಯಾವ ಕಂಪನಿ ಎಷ್ಟು ಕಾರು ಮಾಡಬೇಕು ಅನ್ನೋದನ್ನ ಸರ್ಕಾರ ತೀರ್ಮಾನಿಸ್ತಿತ್ತು. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಒಂದು ವಿಚಿತ್ರ ನಡೀತು. ಹೊಸ ಫಿಯೆಟ್‌ಗೆ ಒಂದು ಬೆಲೆ, ಆದರೆ ಅದು ಕೈಗೆ ಸಿಗಲ್ಲ. ಆಗಷ್ಟೇ ಡೆಲಿವರಿ ತಗೊಂಡು ಸ್ವಲ್ಪ ಓಡಿಸಿದ ಫಿಯೆಟ್‌ಗೆ ಅದಕ್ಕಿಂತ ಜಾಸ್ತಿ ಬೆಲೆ, ಯಾಕಂದ್ರೆ ಅದು ಇವತ್ತೇ ಸಿಗುತ್ತೆ! ಸೆಕೆಂಡ್ ಹ್ಯಾಂಡ್ ಅನ್ನೋದು ಅವಮಾನದ ಮಾತಾಗಿರಲಿಲ್ಲ.

ಹಾಗಾದ್ರೆ ಹಳೇ ಐಷಾರಾಮಿ ಕಾರು? ಅದೂ ಇತ್ತು. ರಾಯಭಾರ ಕಚೇರಿಗಳ ಅಧಿಕಾರಿಗಳು ತಂದು, ವಾಪಸ್ ಹೋಗುವಾಗ ಬಿಟ್ಟುಹೋಗ್ತಿದ್ದ ವಿದೇಶಿ ಕಾರುಗಳನ್ನ ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರಾಟ ಮಾಡ್ತಿತ್ತು. ಸಿನಿಮಾ ನಟರು, ಉದ್ಯಮಿಗಳು ಅದನ್ನ ಕೊಳ್ತಿದ್ದರು. ಅಂದ್ರೆ ನಮ್ಮ ದೇಶದಲ್ಲಿ ಬೆಂಜ್ ಅನ್ನೋದು ಬಹುಪಾಲು ಜನರ ಕಣ್ಣಿಗೆ ಬಿದ್ದಿದ್ದೇ ಸೆಕೆಂಡ್ ಹ್ಯಾಂಡ್ ಆಗಿ.

ಆ ಕಾಲದ ಒಂದು ದೊಡ್ಡ ಅನುಕೂಲ ನೆನಪಿಡಿ: ರಿಪೇರಿ. ಕಾರ್ಬ್ಯುರೇಟರ್, ಕಾಯಿಲ್, ಪಾಯಿಂಟ್ ಇದ್ದ ಎಂಜಿನ್ ಅದು. ಎಲೆಕ್ಟ್ರಾನಿಕ್ಸ್ ಇಲ್ಲವೇ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಾರ್ಟ್ ಹುಡುಕಿ, ಸಿಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ತಡಕಿ, ಅಲ್ಲೂ ಇಲ್ಲ ಅಂದ್ರೆ ಲೇತ್‌ನಲ್ಲಿ ತಿರುವಿಸಿ ಕೂರಿಸಬಹುದಿತ್ತು. ಕಾರು ಎಷ್ಟೇ ಹಳೇದಾದ್ರೂ ಸಾಕೋದು ಕೈಮೀರ್ತಿರಲಿಲ್ಲ.

1983: ಹೊಸದು, ಸಣ್ಣದು, ಮತ್ತು ಒಳ್ಳೇದು

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800 ಕಾರಿನ ಕೀಲಿ ಕೊಟ್ಟರು. ಸುಜುಕಿ ತಂತ್ರಜ್ಞಾನ, 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಬೆಲೆ ಐವತ್ತು ಸಾವಿರದ ಆಸುಪಾಸು. ಅದಕ್ಕೂ ಮೊದಲೇ ಲಕ್ಷಕ್ಕೂ ಹೆಚ್ಚು ಜನ ಮುಂಗಡ ಕಟ್ಟಿದ್ದರು.

ಉತ್ತರ ಮೊದಲ ಸಲ ಬದಲಾಗಿದ್ದು ಇಲ್ಲಿ. ಅಲ್ಲಿವರೆಗೆ ದೊಡ್ಡ ಕಾರು ಅಂದ್ರೆ ಒಳ್ಳೇ ಕಾರು. ಮಾರುತಿ ಗಾತ್ರದಲ್ಲಿ ಆಟಿಕೆ ಥರ ಇತ್ತು. ಆದರೆ ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತಿತ್ತು, ಕಡಿಮೆ ಪೆಟ್ರೋಲ್ ಕುಡೀತಿತ್ತು, ದಾರಿ ಮಧ್ಯೆ ಕೈಕೊಡ್ತಿರಲಿಲ್ಲ. ಸರ್ವೀಸ್ ಸ್ಟೇಷನ್ ಕೂಡ ಕಾರಿನ ಹಿಂದೆಯೇ ಊರೂರಿಗೆ ಬಂತು. "ಹೊಸ ಸಣ್ಣ ಕಾರು ತಗೊಂಡು ನೆಮ್ಮದಿಯಾಗಿರು" ಅಂತ ಮನೆ ಹಿರಿಯರು ಇವತ್ತಿಗೂ ಹೇಳ್ತಾರಲ್ಲ, ಆ ಮಾತಿನ ಬೇರು ಇಲ್ಲಿದೆ.

ಅದೇ ಹೊತ್ತಿಗೆ ಐಷಾರಾಮದ ಕಡೆ ಒಂದು ದುರಂತ ನಡೀತು. 1985ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 'ಸ್ಟ್ಯಾಂಡರ್ಡ್ 2000' ಅನ್ನೋ ಕಾರು ತಂತು. ಹೊರಮೈ ಬ್ರಿಟನ್ನಿನ ರೋವರ್ ಎಸ್‌ಡಿ1, ಯುರೋಪಿನಲ್ಲಿ 'ವರ್ಷದ ಕಾರು' ಪ್ರಶಸ್ತಿ ಗೆದ್ದ ಸುಂದರ ಗಾಡಿ. ಒಳಗೆ ಮಾತ್ರ ಹಳೇ ಕಾಲದ ಎರಡು ಲೀಟರ್ ಎಂಜಿನ್. ಬೆಲೆ ಮಾರುತಿಯ ಹಲವು ಪಟ್ಟು. ಜನ ಒಪ್ಪಲಿಲ್ಲ, ಕೆಲವೇ ವರ್ಷದಲ್ಲಿ ಕಾರ್ಖಾನೆಯೂ ಮುಚ್ಚಿತು.

ನಮ್ಮ ಬೆಂಗಳೂರಿನ ಸಿಪಾನಿ ಕಂಪನಿಯಂತೂ ಎರಡೂ ದಾರಿ ನೋಡಿತು. 1980ರ ದಶಕದಲ್ಲಿ ಡಾಲ್ಫಿನ್ ಅನ್ನೋ ಫೈಬರ್‌ಗ್ಲಾಸ್ ಮೈಯ ಪುಟ್ಟ ಕಾರು ಮಾಡಿತು. 1990ರ ದಶಕದಲ್ಲಿ ರೋವರ್ ಮಾಂಟೆಗೊ ಅನ್ನೋ ದೊಡ್ಡ ಕಾರು ಜೋಡಿಸಿ ಮಾರಿತು. ಎರಡೂ ಹೆಚ್ಚು ದಿನ ನಿಲ್ಲಲಿಲ್ಲ. ಕಾರು ಮಾಡೋ ಕಂಪನಿ ನಿಂತುಹೋದ್ರೆ ಕೊಂಡವರ ಪಾಡೇನು? ದೊಡ್ಡ ಕಾರಾಗ್ಲಿ ಸಣ್ಣ ಕಾರಾಗ್ಲಿ, ಬಿಡಿಭಾಗ ಹುಡುಕೋದೇ ಅವರ ಕೆಲಸ ಆಗುತ್ತೆ.

ಕಾರಿನ ಬೆಲೆ ಬೀಳುತ್ತೆ, ಪಾರ್ಟಿನ ಬೆಲೆ ಬೀಳಲ್ಲ

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ತೆಗೆದುಹಾಕಿದರು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಬೆಂಜ್ ಜೋಡಣೆ ಶುರುವಾಯ್ತು. 2007ರಲ್ಲಿ ಚೆನ್ನೈನಲ್ಲಿ ಬಿಎಂಡಬ್ಲ್ಯು ಘಟಕ ಬಂತು. ಇದರ ಜತೆ ಸೆಕೆಂಡ್ ಹ್ಯಾಂಡ್ ವ್ಯಾಪಾರವೂ ಗುಜರಿ ಮೂಲೆಯಿಂದ ಎ.ಸಿ. ಶೋರೂಮಿಗೆ ಬಂತು. 2001ರಲ್ಲಿ ಮಾರುತಿ ತನ್ನ 'ಟ್ರೂ ವ್ಯಾಲ್ಯೂ' ಮಳಿಗೆ ತೆರೆಯಿತು.

ಇಷ್ಟಾದ ಮೇಲೆ ನಿಮ್ಮ ಪ್ರಶ್ನೆ ಹುಟ್ಟಿತು ನೋಡಿ. ಮೊದಲ ಮಾಲೀಕ ನಾಲ್ಕೈದು ವರ್ಷ ಓಡಿಸಿ ಬಿಟ್ಟ ಜರ್ಮನ್ ಕಾರುಗಳು ಮಾರುಕಟ್ಟೆಗೆ ಬಂದವು. ಮತ್ತೆ ಐದು ವರ್ಷ ಕಳೆಯೋ ಹೊತ್ತಿಗೆ ಅವು ಸಾಮಾನ್ಯ ಸಂಬಳದವರ ಕೈಗೂ ಎಟುಕಿದವು.

ಒಂದು ಉದಾಹರಣೆ ಹಾಕೋಣ. ಹೊಸದಾಗಿದ್ದಾಗ 50 ಲಕ್ಷದ ಕಾರು ಇವತ್ತು 8 ಲಕ್ಷಕ್ಕೆ ಸಿಗ್ತಿದೆ. ಅದರ ಹೆಡ್‌ಲೈಟ್, ಗೇರ್‌ಬಾಕ್ಸ್, ಏರ್ ಸಸ್ಪೆನ್ಷನ್ ಮಾತ್ರ ಇವತ್ತಿಗೂ 50 ಲಕ್ಷದ ಕಾರಿನವೇ. ಫಿಯೆಟ್ ಥರ ಲೇತ್‌ನಲ್ಲಿ ತಿರುವಿಸೋ ಹಾಗಿಲ್ಲ. ದೋಷ ಎಲ್ಲಿದೆ ಅಂತ ಹುಡುಕೋಕೇ ಸ್ಕ್ಯಾನರ್ ಬೇಕು.

ವಿಮೆ ಲೆಕ್ಕ ಇನ್ನೂ ಮುಖ್ಯ. ವಿಮೆ ಕಂಪನಿ ಕಾರಿಗೆ ಐಡಿವಿ ಅಂತ ಒಂದು ಬೆಲೆ ಕಟ್ಟುತ್ತೆ. ಐದನೇ ವರ್ಷದ ಹೊತ್ತಿಗೆ ಅದು ಅರ್ಧಕ್ಕೆ ಇಳಿದಿರುತ್ತೆ, ಆಮೇಲೆ ಇನ್ನೂ ಇಳಿಯುತ್ತೆ. ಅಪಘಾತವಾಗಿ ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದ್ರೆ ಕಾರನ್ನ 'ಟೋಟಲ್ ಲಾಸ್' ಅಂತ ಲೆಕ್ಕ ಹಾಕ್ತಾರೆ. ನಮ್ಮ 8 ಲಕ್ಷದ ಕಾರಿಗೆ ಆ ಗೆರೆ 6 ಲಕ್ಷ. ಮುಂಭಾಗ ಜಜ್ಜಿ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಜರ್ಮನ್ ಕಾರಿನ ಬಿಲ್ಲು ಅಲ್ಲಿಗೆ ಮುಟ್ಟೋದು ಕಷ್ಟವೇನಲ್ಲ.

ಇನ್ನು ದೆಹಲಿ ಗಾಡಿ. 2015ರಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ದೆಹಲಿ ಸುತ್ತಮುತ್ತ ಓಡಬಾರದು ಅಂತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟ್, ಮಾಲೀಕರ ಮೇಲೆ ಸದ್ಯಕ್ಕೆ ಬಲವಂತದ ಕ್ರಮ ಬೇಡ ಅಂತು. ಈ ಗಡಿಬಿಡಿಯಲ್ಲಿ ಅಲ್ಲಿನ ದೊಡ್ಡ ಡೀಸೆಲ್ ಕಾರುಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಹರಿದವು. ಅಗ್ಗ ಅಂತ ತರೋ ಮುಂಚೆ ನಮ್ಮ ಆರ್‌ಟಿಒ ಲೆಕ್ಕ ನೋಡಿ. ಹೊರರಾಜ್ಯದ ಗಾಡಿ ಇಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದರೆ ಎನ್‌ಒಸಿ ತಂದು ಮರುನೋಂದಣಿ ಮಾಡಿಸಿ ಆಜೀವ ತೆರಿಗೆ ಕಟ್ಟಬೇಕು. ಆ ತೆರಿಗೆಗೆ ಆಧಾರ ಗಾಡಿಯ ಮೂಲ ಬೆಲೆ ಮತ್ತು ವಯಸ್ಸು. ನೀವು ಎಷ್ಟಕ್ಕೆ ಕೊಂಡ್ರಿ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ.

ಹಾಗಂತ ಅಗ್ಗವೇ ಉತ್ತರನಾ?

ಅಲ್ಲ. ಅದಕ್ಕೆ ಸಾಕ್ಷಿ ನ್ಯಾನೊ. 2008ರ ಜನವರಿಯಲ್ಲಿ ರತನ್ ಟಾಟಾ ಒಂದು ಲಕ್ಷದ ಕಾರನ್ನ ದೇಶದ ಮುಂದಿಟ್ಟರು. ಸ್ಕೂಟರ್ ಮೇಲೆ ಮಳೆಯಲ್ಲಿ ನೆನೆಯೋ ಕುಟುಂಬಕ್ಕೆ ಒಂದು ಸೂರು ಅನ್ನೋದು ಅವರ ಆಸೆ. ಆದರೆ 'ಜಗತ್ತಿನ ಅತಿ ಅಗ್ಗದ ಕಾರು' ಅನ್ನೋ ಪಟ್ಟವೇ ಮುಳುವಾಯ್ತು, ಮುಂದೆ ಟಾಟಾ ಅವರೂ ಅದನ್ನ ಒಪ್ಪಿಕೊಂಡರು. 2018ರಲ್ಲಿ ತಯಾರಿಕೆ ನಿಂತಿತು. ನೆಂಟರ ಮದುವೆ ಛತ್ರದ ಮುಂದೆ ಇಳಿಯುವಾಗ ನಾಲ್ಕು ಜನ ನೋಡ್ತಾರೆ ಅನ್ನೋದು ನಮ್ಮಲ್ಲಿ ನಿಜವಾದ ಲೆಕ್ಕ. ಹಳೇ ಬೆಂಜ್ ಆಸೆಯನ್ನ ನಾನು ಗೇಲಿ ಮಾಡಲ್ಲ.

ಅದಕ್ಕಿಂತ ಗಟ್ಟಿ ವಾದ ಸುರಕ್ಷತೆಯದ್ದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನ ಡಿಕ್ಕಿ ಪರೀಕ್ಷೆ ಮಾಡಿತು: ಆಲ್ಟೊ 800, ನ್ಯಾನೊ, ಫಿಗೊ, ಐ10, ಪೋಲೊ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್. ಆ ವರ್ಷ ಯಾರಾದ್ರೂ "ನನಗೆ ಆರು ಏರ್‌ಬ್ಯಾಗಿನ ಹಳೇ ಕಾರೇ ಸಾಕು" ಅಂದಿದ್ರೆ ಅವರದ್ದು ಸರಿಯಾದ ಮಾತು. ಉತ್ತರ ಎರಡನೇ ಸಲ ಬದಲಾಗಿದ್ದು ಅಲ್ಲಿ.

ಮೂರನೇ ಸಲ ಬದಲಾಗಿದ್ದು ಈಚೆಗೆ. 2019ರಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯ್ತು. 2022ರ ಆರಂಭದಿಂದ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. 2023ರಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾಯ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹಳೇ ಐಷಾರಾಮಿ ಕಾರಿನ ಪರವಾಗಿದ್ದ ಅತ್ಯಂತ ಬಲವಾದ ಕಾರಣ ಹೀಗೆ ಸಡಿಲವಾಗಿದೆ.

ಈಗ ನನ್ನ ಉತ್ತರ. ಮನೆಗೆ ಅದೊಂದೇ ಕಾರು, ಕೈಯಲ್ಲಿರೋದು ಅಷ್ಟೇ ದುಡ್ಡು ಅಂದ್ರೆ ಹೊಸ ಸಣ್ಣ ಕಾರೇ ಸರಿ, ಆದರೆ ಸ್ಟಾರ್ ನೋಡಿ ತಗೊಳ್ಳಿ. ಜರ್ಮನ್ ಕಾರೇ ಬೇಕು ಅಂತ ಮನಸ್ಸಿದ್ರೆ ಎಂಟೂ ಲಕ್ಷವನ್ನ ಅದರ ಮೇಲೆ ಸುರೀಬೇಡಿ. ಐದಕ್ಕೆ ಸಿಗೋದು ನೋಡಿ, ಉಳಿದ ಮೂರನ್ನ ರಿಪೇರಿಗೆ ಅಂತ ಎತ್ತಿಡಿ. ಸರ್ವೀಸ್ ದಾಖಲೆ ಪೂರ್ತಿ ಇಲ್ಲದ ಗಾಡಿಯನ್ನ ಮುಟ್ಟಲೇಬೇಡಿ. ಐದಕ್ಕೆ ಒಳ್ಳೇದು ಸಿಗ್ತಿಲ್ಲ ಅಂದ್ರೆ ಆ ಕಾರು ಸದ್ಯಕ್ಕೆ ನಿಮ್ಮ ಬಜೆಟ್ಟಿನದ್ದಲ್ಲ. ಕೊಳ್ಳೋ ದಿನದ ಬೆಲೆ ಒಂದೇ ಸಲ ಕೊಡೋದು, ಸಾಕೋ ಖರ್ಚು ಪ್ರತಿ ತಿಂಗಳು ಬಾಗಿಲು ತಟ್ಟುತ್ತೆ.

ನಿಮ್ಮ ಮನೆಗೆ ಬಂದ ಮೊದಲ ಕಾರು ಯಾವುದು, ಹೊಸದಾ ಹಳೇದಾ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.