ಬಾಸ್‌ಗೆ ಅರ್ಥವಾದ ಸಾಲದ ಲೆಕ್ಕ

"ಚೆನ್ನಾಗೇ ಓಡ್ತಿರೋ ಕೋಡನ್ನ ಯಾಕ್ರೀ ಬಿಚ್ಚಿಕೊಂಡು ಕೂತಿದ್ದೀರಿ?" ಸಾಫ್ಟ್‌ವೇರ್ ಕೆಲಸದಲ್ಲಿರೋರು ಈ ಮಾತು ಕೇಳಿಯೇ ಇರ್ತೀರಿ. ಇದಕ್ಕೆ ಮೂವತ್ತು ವರ್ಷದ ಹಿಂದೆಯೇ ಒಬ್ಬರು ಉತ್ತರ ಕೊಟ್ಟಿದ್ದರು.

ಅವರು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್. 1995ರಲ್ಲಿ ಜಗತ್ತಿನ ಮೊದಲ ವಿಕಿ ಶುರು ಮಾಡಿದವರು ಇವರೇ. ಅದಕ್ಕೂ ಮುಂಚೆ 'ವೈಕ್ಯಾಶ್' ಅನ್ನೋ ಸಾಫ್ಟ್‌ವೇರ್ ಕಟ್ಟುತ್ತಿದ್ದರು. ಹೂಡಿಕೆಗಳ ಲೆಕ್ಕ ನೋಡಿಕೊಳ್ಳೋ ಪ್ರೋಗ್ರಾಂ ಅದು. ತಂಡ ಆಗಾಗ ಹಳೇ ಕೋಡನ್ನ ಬಿಡಿಸಿ ಮತ್ತೆ ಜೋಡಿಸ್ತಿತ್ತು. ಹೊರಗಿಂದ ನೋಡಿದರೆ ಏನೂ ಬದಲಾಗಿರಲ್ಲ. ಮತ್ತೆ ಇಷ್ಟು ದಿನ ಮಾಡಿದ್ದೇನು ಅಂತ ಬಾಸ್‌ಗೆ ಹೇಳಬೇಕಲ್ಲ?

ಹಣಕಾಸಿನ ಸಾಫ್ಟ್‌ವೇರ್ ಮಾರೋ ಬಾಸ್‌ಗೆ ವಾರ್ಡ್ ಸಾಲದ ಭಾಷೆಯಲ್ಲೇ ಹೇಳಿದರು. ಸಾಲ ತಂದರೆ ಕೆಲಸ ಬೇಗ ಶುರುವಾಗುತ್ತೆ, ತಪ್ಪೇನಿಲ್ಲ. ತೀರಿಸದಿದ್ದರೆ ಮಾತ್ರ ಬಡ್ಡಿ ಬೆಳೆಯುತ್ತೆ. ಸರಿಹೋಗದ ಕೋಡಿನ ಜೊತೆ ಗುದ್ದಾಡೋ ಪ್ರತಿ ನಿಮಿಷವೂ ಬಡ್ಡಿಯೇ. 1992ರ ಊಪ್ಸ್ಲಾ ಸಮ್ಮೇಳನದ ವರದಿಯಲ್ಲೂ ಇದನ್ನೇ ಬರೆದರು. 'ಟೆಕ್ನಿಕಲ್ ಡೆಟ್' ಅನ್ನೋ ಮಾತಿನ ಮೂಲ ಇದು.

ಆದರೆ ಜನ ಅದನ್ನ ತಮಗೆ ಬೇಕಾದ ಹಾಗೆ ತಿರುಚಿಕೊಂಡರು. ಈಗ ಹೆಂಗೋ ಗೀಚೋಣ, ಆಮೇಲೆ ನೋಡ್ಕೊಳ್ಳೋಣ ಅನ್ನೋದಕ್ಕೆ ಲೈಸೆನ್ಸ್ ಸಿಕ್ಕ ಹಾಗಾಯ್ತು. 2009ರಲ್ಲಿ ವಾರ್ಡ್ ಒಂದು ವಿಡಿಯೋ ಮಾಡಿ, ಕೆಟ್ಟ ಕೋಡ್ ಬರೆಯಿರಿ ಅಂತ ನಾನು ಹೇಳಿದ್ದಲ್ಲ ಅಂದರು. ಇವತ್ತು ವಿಷಯ ನಮಗೆ ಎಷ್ಟು ಗೊತ್ತೋ ಅಷ್ಟನ್ನ ಶುದ್ಧವಾಗೇ ಬರೀತೀವಿ. ಆರು ತಿಂಗಳಾದ ಮೇಲೆ ಅದೇ ವಿಷಯ ಇನ್ನೂ ಚೆನ್ನಾಗಿ ಅರ್ಥವಾಗಿರುತ್ತೆ, ಕೋಡ್ ಮಾತ್ರ ಹಳೇ ತಿಳಿವಳಿಕೆಯಲ್ಲೇ ನಿಂತಿರುತ್ತೆ. ಆ ಅಂತರ ತುಂಬೋದೇ ಸಾಲ ತೀರಿಸೋದು. ಇದು ಸೋಮಾರಿಗಳ ಸಾಲವಲ್ಲ, ಕಲಿಯುವವರ ಸಾಲ ಅಂತ ನನಗನ್ನಿಸುತ್ತೆ.

ಹಾಗಂತ ಮ್ಯಾನೇಜರ್‌ಗಳ ಭಯವೂ ಸುಳ್ಳಲ್ಲ. ನೆಟ್‌ಸ್ಕೇಪ್ ಕಂಪನಿ 1998ರಲ್ಲಿ ಹಳೇ ಬ್ರೌಸರ್ ಕೋಡನ್ನ ಬಿಟ್ಟು ಹೊಸದಾಗಿ ಬರೆಯೋಕೆ ಹೊರಟಿತು. 4ನೇ ಆವೃತ್ತಿ ಬಂದದ್ದು 1997ರಲ್ಲಿ, 5 ಬರಲೇ ಇಲ್ಲ, 6 ಬರೋ ಹೊತ್ತಿಗೆ 2000ನೇ ಇಸವಿ ಮುಗೀತಾ ಬಂದಿತ್ತು. ಅಷ್ಟರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾರುಕಟ್ಟೆ ನುಂಗಿಯಾಗಿತ್ತು.

ಸಾಲವನ್ನ ಒಂದೇ ಏಟಿಗೆ ತೀರಿಸೋಕೆ ಮನೆ ಕೆಡವಬೇಕಿಲ್ಲ, ಕಂತಿನಲ್ಲೂ ಕಟ್ಟಬಹುದು. 1999ರಲ್ಲಿ ಬಂದ ಮಾರ್ಟಿನ್ ಫೌಲರ್ ಅವರ 'ರಿಫ್ಯಾಕ್ಟರಿಂಗ್' ಪುಸ್ತಕ ಹೇಳೋದೂ ಅದನ್ನೇ: ಪುಟ್ಟ ಪುಟ್ಟ ಹೆಜ್ಜೆ, ಪ್ರತಿ ಹೆಜ್ಜೆಗೂ ಟೆಸ್ಟ್. ಡೆಡ್‌ಲೈನ್ ಒಂದನ್ನೇ ನೋಡೋ ಮ್ಯಾನೇಜರ್‌ಗೆ ಏನು ಹೇಳಬೇಕು ಅನ್ನೋದಕ್ಕೂ ಅದರಲ್ಲಿ ಉತ್ತರ ಇದೆ: ಹೇಳಲೇಬೇಡಿ! ವಾರ್ಡ್ ಹೇಳಿ ಒಪ್ಪಿಸಿದರು, ಫೌಲರ್ ಹೇಳಬೇಡಿ ಅಂದರು. ನಿಮ್ಮ ಮ್ಯಾನೇಜರ್ ಎಂಥವರು ಅಂತ ನಿಮಗೇ ಗೊತ್ತು.