ಸೇತುವೆಗಳ ನಗರ ಸಾಸ್ಕಟೂನ್

ಕೆನಡಾ ದೇಶದ ಒಳನಾಡಿನಲ್ಲಿ ಹಬ್ಬಿರುವ ವಿಶಾಲವಾದ ಹುಲ್ಲುಬಯಲಿಗೆ ಪ್ರೇರಿಯೆಂದು ಹೆಸರು. ಆ ಬಯಲಿನ ನಡುವೆ, ದಕ್ಷಿಣ ಸಾಸ್ಕಾಚೆವಾನ್ ನದಿಯ ಎರಡು ದಡಗಳ ಮೇಲೂ ಸಾಸ್ಕಟೂನ್ ನಗರವು ನೆಲೆಸಿದೆ. ಅದು ಪ್ರಾಂತದ ರಾಜಧಾನಿಯಲ್ಲ. ಕೋಟೆಕೊತ್ತಲಗಳ ವೈಭವವೂ ಅದಕ್ಕಿಲ್ಲ. 2021ರ ಜನಗಣತಿಯಂತೆ ಅದರ ಜನಸಂಖ್ಯೆ 2,66,141. ಒಂದೂವರೆ ಶತಮಾನವೂ ತುಂಬದ ಈ ನಗರದ ಚರಿತ್ರೆಯಲ್ಲಿ ಒಂದು ವಿಶೇಷವು ಎದ್ದು ಕಾಣುತ್ತದೆ. ಇಲ್ಲಿಯ ಜನರು ಒಂದುಗೂಡಿ ಬಾಳುವುದನ್ನು ಕಲಿತದ್ದು ಬಹುಮಟ್ಟಿಗೆ ಸಂಕಟಕಾಲಗಳಲ್ಲಿ. ಅದರ ಕುರುಹುಗಳು ನದಿಯ ಮೇಲಣ ಸೇತುವೆಗಳಲ್ಲಿ ಉಳಿದಿವೆ.

1876ರಲ್ಲಿ ಬ್ರಿಟಿಷ್ ಪ್ರಭುತ್ವಕ್ಕೂ ಕ್ರೀ ಮೊದಲಾದ ಮೂಲನಿವಾಸಿಗಳಿಗೂ ನಡೆದ ಆರನೆಯ ಕೌಲಿನ ಸೀಮೆಗೆ ಈ ಪ್ರದೇಶವು ಸೇರಿದೆ. ಊರಿನ ಹೆಸರು ಸಹ ಅಲ್ಲಿ ಬೆಳೆಯುವ ಒಂದು ಕಾಡುಹಣ್ಣಿನ ಕ್ರೀ ಭಾಷೆಯ ಹೆಸರಿನಿಂದ ಬಂದುದು. ಟೊರಾಂಟೊ ನಗರದ ಮದ್ಯಪಾನವಿರೋಧಿಗಳ ಸಂಘವೊಂದು ಮದ್ಯದ ಸೋಂಕಿಲ್ಲದ ಒಂದು ವಸಾಹತನ್ನು ಕಟ್ಟಬೇಕೆಂದು ಸಂಕಲ್ಪಿಸಿ, 1882ರಲ್ಲಿ ಜಾನ್ ಲೇಕ್ ಎಂಬವರನ್ನು ಸ್ಥಳಶೋಧನೆಗಾಗಿ ಕಳುಹಿಸಿತು. ಡಕೋಟಾ ಜನರ ನಾಯಕ ವೈಟ್‌ಕ್ಯಾಪ್ ತಕ್ಕ ಸ್ಥಳದ ವಿಷಯದಲ್ಲಿ ಲೇಕ್‌ಗೆ ಸಲಹೆಯನ್ನಿತ್ತನು. ಮರುವರ್ಷ ಮೊದಲ ಒಕ್ಕಲುಗಳು ಪೂರ್ವದಡದಲ್ಲಿ ನೆಲೆಯೂರಿದುವು. ಸರಕಾರದಿಂದ ಒತ್ತಾಗಿ ಒಂದೇ ಹರವಿನ ಭೂಮಿ ದೊರೆಯದ ಕಾರಣ ಸಂಘದ ಮೂಲಸಂಕಲ್ಪವು ಈಡೇರಲಿಲ್ಲ.

1885ರಲ್ಲಿ ಮೇಟಿ ಜನರು ಸರಕಾರದ ವಿರುದ್ಧ ಎದ್ದಾಗ ವೈಟ್‌ಕ್ಯಾಪನೂ ಆರೋಪಕ್ಕೆ ಗುರಿಯಾದನು. ಅವನು ಬಲವಂತಕ್ಕೆ ಸಿಕ್ಕಿ ಹೋದನೆಂದು ಸಾಸ್ಕಟೂನಿನ ವರ್ತಕ ಜೆರಾಲ್ಡ್ ವಿಲೋಬಿ ನ್ಯಾಯಸ್ಥಾನದಲ್ಲಿ ಸಾಕ್ಷ್ಯ ನುಡಿದನು, ವೈಟ್‌ಕ್ಯಾಪನ ಬಿಡುಗಡೆಯಾಯಿತು. ಊರಿಗೆ ಸ್ಥಳ ತೋರಿದವನ ಋಣವನ್ನು ಊರಿನವನೊಬ್ಬನು ಇಂತು ಒಂದಿಷ್ಟಾದರೂ ತೀರಿಸಿದನೆನ್ನಬಹುದು.

1890ರಲ್ಲಿ ರೈಲುದಾರಿ ಬಂದಿತು. ನಿಲ್ದಾಣವು ಪಶ್ಚಿಮದಡದಲ್ಲಿ ಏರ್ಪಟ್ಟುದರಿಂದ ವ್ಯಾಪಾರವೂ, ಕಡೆಗೆ ಸಾಸ್ಕಟೂನ್ ಎಂಬ ಹೆಸರೂ ಆಚೆಗೆ ಸರಿದುವು. ಪೂರ್ವದ ಹಳೆಯ ಊರು ನುಟಾನಾ ಎಂಬ ಬೇರೆ ಹೆಸರನ್ನು ತಾಳಬೇಕಾಯಿತು. ಪಶ್ಚಿಮದಡದಲ್ಲಿಯೇ ರಿವರ್ಸ್‌ಡೇಲ್ ಎಂಬ ಮೂರನೆಯ ಹಳ್ಳಿಯೂ ಹುಟ್ಟಿತು. ಜನರು ನದಿಯನ್ನು ದೋಣಿಯಲ್ಲಿ ದಾಟಬೇಕಾಗಿದ್ದಿತು. ಮಂಜು ಕಟ್ಟುವಾಗಲೂ ಒಡೆಯುವಾಗಲೂ ಅದಕ್ಕೂ ಅಡ್ಡಿ. ಜನರೂ ಬಂಡಿಗಳೂ ಹಾಯಬಲ್ಲ ಸೇತುವೆಯೊಂದನ್ನು ಕಟ್ಟಿಸುವ ಭರವಸೆಯ ಮೇಲೆ ಮೂರು ಊರುಗಳೂ 1906ರಲ್ಲಿ ಕೂಡಿ ಒಂದು ನಗರವಾದುವು. 1907ರಲ್ಲಿ ಆ ಸೇತುವೆ ಸಿದ್ಧವಾಯಿತು. ಅದೇ ವರ್ಷ ವಿಶ್ವವಿದ್ಯಾನಿಲಯದ ಶಾಸನವಾಯಿತು. 1909ರಲ್ಲಿ ಅದರ ನೆಲೆಯಾಗಿ ಸಾಸ್ಕಟೂನ್ ಆಯ್ಕೆಗೊಂಡಿತು. ವ್ಯವಸಾಯವೇ ಜೀವಾಳವಾದ ನಾಡಿಗೆ ತಕ್ಕಂತೆ ಕೃಷಿವಿದ್ಯೆಗೆ ಅಲ್ಲಿ ಮೊದಲಿನಿಂದಲೂ ಮುಖ್ಯಸ್ಥಾನವಿದ್ದಿತು. 1901ರಲ್ಲಿ 113 ಮಂದಿಯಿದ್ದ ಊರಿನಲ್ಲಿ 1911ರ ಹೊತ್ತಿಗೆ 12,004 ಮಂದಿಯಿದ್ದರು. ನಿವೇಶನಗಳ ಬೆಲೆ ಮಿತಿಮೀರಿ ಏರಿ, 1913ರಲ್ಲಿ ಕುಸಿಯಿತು.

ಅದಕ್ಕಿಂತ ಕಠಿಣವಾದ ಪರೀಕ್ಷೆ 1930ರ ದಶಕದಲ್ಲಿ ಒದಗಿತು. ಗೋಧಿಯ ಬೆಲೆ ಬಿದ್ದು, ಮಳೆ ತಪ್ಪಿ, ಹೊಲಗಳ ಮಣ್ಣು ಗಾಳಿಗೆ ಹಾರಿಹೋಯಿತು. ರೈತನ ಕೈ ಬರಿದಾದೊಡನೆ ನಗರದ ಅಂಗಡಿ, ಕಾರ್ಖಾನೆಗಳೂ ನಿಂತುವು. 1931ರಲ್ಲಿ 43,291 ಇದ್ದ ಜನಸಂಖ್ಯೆ 1941ರಲ್ಲಿ 43,027ಕ್ಕೆ ಇಳಿದಿದ್ದಿತು. ನಿರುದ್ಯೋಗಿಗಳಿಗೆ ಬರಿಯ ಧರ್ಮದ ಅನ್ನವನ್ನಿಕ್ಕುವ ಬದಲು ಕೆಲಸವನ್ನು ಒದಗಿಸಬೇಕೆಂದು ಬ್ರಾಡ್‌ವೇ ಸೇತುವೆಯ ನಿರ್ಮಾಣವು ಮೊದಲಾಯಿತು. ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ಸಿ. ಜೆ. ಮೆಕೆಂಜಿಯವರು ಅದರ ನಕ್ಷೆಯನ್ನು ರಚಿಸಿದರು. ಕಡುಚಳಿಯಲ್ಲಿಯೂ ಕೆಲಸವು ಸಾಗಿ, ಕಾಂಕ್ರೀಟಿನ ಕಮಾನುಗಳು ಎದ್ದು, 1932ರ ನವೆಂಬರಿನಲ್ಲಿ ಸೇತುವೆ ತೆರೆಯಿತು. ಹಸಿದ ದಿನಗಳಲ್ಲಿ ಕಟ್ಟಿದ ಆ ಸೇತುವೆ ಇಂದಿಗೂ ಬಳಕೆಯಲ್ಲಿದೆ.

ಇದೇ ಸಹಕಾರಬುದ್ಧಿ 1962ರಲ್ಲಿ ಮತ್ತೊಮ್ಮೆ ಒರೆಗಲ್ಲಿಗೆ ಹತ್ತಿತು. ಸರ್ವರಿಗೂ ಸರಕಾರದ ವೆಚ್ಚದಲ್ಲಿ ವೈದ್ಯಸಹಾಯವನ್ನು ಕಲ್ಪಿಸುವ ಪ್ರಾಂತದ ಶಾಸನವು ಜುಲೈ 1ರಂದು ಜಾರಿಗೆ ಬಂದಾಗ ಹೆಚ್ಚಿನ ವೈದ್ಯರು ಕೆಲಸವನ್ನು ನಿಲ್ಲಿಸಿದರು. ಆಗ ಸಾಸ್ಕಟೂನಿನ ನಾಗರಿಕರು ಶಾಸನಕ್ಕೆ ಒಪ್ಪಿದ ವೈದ್ಯರೊಡನೆ ಕೂಡಿ, ಜುಲೈ 3ರಂದು ಸಹಕಾರತತ್ತ್ವದ ಚಿಕಿತ್ಸಾಲಯವೊಂದನ್ನು ತೆರೆದರು. ಜುಲೈ 23ರ ಒಪ್ಪಂದದಿಂದ ಮುಷ್ಕರವು ಮುಗಿಯಿತು; ಆ ಒಪ್ಪಂದಕ್ಕೆ ಈ ನಗರದ ಹೆಸರೇ ನಿಂತಿದೆ. ಮುಂದೆ ಕೆನಡಾ ದೇಶವೆಲ್ಲವೂ ಇದೇ ಮಾರ್ಗವನ್ನು ಹಿಡಿಯಿತು.

ಆದರೂ ಈ ಒಗ್ಗಟ್ಟಿನ ಫಲವು ಎಲ್ಲರಿಗೂ ಸಮನಾಗಿ ಸಂದಿತೆನ್ನಲಾಗದು. ಕೌಲಿನ ಮೂಲಪಕ್ಷದವರಾದ ಆದಿಮ ಜನರು ಬಹುಕಾಲ ನಗರದ ಅಂಚಿನಲ್ಲಿಯೇ ಉಳಿದರು. ನಗರದ ಹೊರವಲಯದ ವಾನುಸ್ಕೇವಿನ್ ಕಣಿವೆಯಲ್ಲಿ ಆರು ಸಾವಿರ ವರ್ಷಗಳ ಮಾನವವಾಸದ ಗುರುತುಗಳಿವೆ. ಅವುಗಳ ರಕ್ಷಣೆಗಾಗಿ 1992ರಲ್ಲಿ ಒಂದು ಉದ್ಯಾನವು ತೆರೆಯಿತು. 1907ರ ಸೇತುವೆಯ ಸ್ಥಳದಲ್ಲಿ ಹೊಸದಾಗಿ ಕಟ್ಟಿದ ಸೇತುವೆ 2018ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆದಾಗ, ಅದರೊಡನೆಯೇ ನಗರದ ಉತ್ತರದಲ್ಲಿ ಮತ್ತೊಂದು ಸೇತುವೆಯೂ ತೆರೆಯಿತು. ಅದಕ್ಕೆ 1876ರ ಕೌಲಿಗೆ ಅಂಕಿತ ಹಾಕಿದ ಕ್ರೀ ನಾಯಕ ಮಿಸ್ಟಾವಾಸಿಸನ ಹೆಸರನ್ನಿಟ್ಟಿದ್ದಾರೆ. ನದಿಯ ದಡಗಳನ್ನು ಕೂಡಿಸಿದ ನಗರವು ಇನ್ನು ಕೂಡಿಸಬೇಕಾದುದು ಏನೆಂಬುದನ್ನು ಆ ಹೆಸರೇ ತಿಳಿಸುತ್ತದೆ.